ಸೂರ್ಯ ಸಿಡಿದದ್ದನ್ನು ಮೊದಲು ಕಂಡ ಕ್ಯಾರಿಂಗ್ಟನ್: ಸೌರ ಬಿರುಗಾಳಿ ಫಾರ್ವರ್ಡ್‌ಗಳಲ್ಲಿ ಬರುವ ಆ ಹೆಸರು ಯಾರದ್ದು?

ವಾಟ್ಸಾಪ್ ಗುಂಪುಗಳಿಗೆ ಆಗಾಗ ತಿರುಗಿ ಬರುವ ಒಂದು ಸಂದೇಶವನ್ನು ನೀವೂ ನೋಡಿರುತ್ತೀರಿ. ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಸ್ವಿಚ್ ಆಫ್ ಮಾಡಿ, ತಲೆಯ ಹತ್ತಿರ ಇಟ್ಟುಕೊಂಡು ಮಲಗಬೇಡಿ, ಮನೆಯವರಿಗೆಲ್ಲ ತಿಳಿಸಿ ಎಂಬ ಸಂದೇಶ. ನಂಬಿಕೆ ಬರಲಿ ಎಂದು ಸಿಂಗಾಪುರದ ಟಿವಿ, ನಾಸಾ, ಬಿಬಿಸಿ ಎಲ್ಲದರ ಹೆಸರೂ ಅದರಲ್ಲಿರುತ್ತದೆ. ದಿನಾಂಕ ಮಾತ್ರ ಇರುವುದಿಲ್ಲ. ಯಾವ ವರ್ಷ ಕಳಿಸಿದರೂ ಅದು ಇಂದು ರಾತ್ರಿಯೇ!

ಈಚಿನ ವರ್ಷಗಳಲ್ಲಿ ಇದಕ್ಕೆ ಒಂದು ತಮ್ಮ ಹುಟ್ಟಿದ್ದಾನೆ. ಭಾರೀ ಸೌರ ಬಿರುಗಾಳಿ ಬರುತ್ತಿದೆ, ತಿಂಗಳುಗಟ್ಟಲೆ ಇಂಟರ್ನೆಟ್ ಇರುವುದಿಲ್ಲ, 1859ರ ಕ್ಯಾರಿಂಗ್ಟನ್ ಘಟನೆ ಮತ್ತೆ ನಡೆಯಲಿದೆ ಎನ್ನುವ ಫಾರ್ವರ್ಡ್ ಅದು. ಮೊದಲ ಸಂದೇಶ ಪೂರ್ತಿ ಸುಳ್ಳು. ಎರಡನೆಯದರಲ್ಲಿ ಮಾತ್ರ ನಿಜದ ಒಂದು ಎಳೆ ಇದೆ. 1859ರಲ್ಲಿ ನಿಜವಾಗಿಯೂ ಏನೋ ನಡೆಯಿತು, ಕ್ಯಾರಿಂಗ್ಟನ್ ಎಂಬವರು ನಿಜವಾಗಿಯೂ ಇದ್ದರು. ಆ ಮನುಷ್ಯ ಯಾರು, ಕಂಡದ್ದು ಏನು ಎಂದು ಹುಡುಕಲು ಹೊರಟಾಗ ನಮಗೆ ಸಿಕ್ಕ ಬದುಕು ಯಾವ ಫಾರ್ವರ್ಡ್‌ಗಿಂತಲೂ ಹೆಚ್ಚು ಕುತೂಹಲದ್ದು.

ಚಿತ್ರದ ವಿಷಯ ಮೊದಲೇ ಹೇಳಿಬಿಡುತ್ತೇವೆ. ಕ್ಯಾರಿಂಗ್ಟನ್ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಹರಿದಾಡುವ ಗಡ್ಡದ ಹಿರಿಯರ ಫೋಟೊ ಹಲವು ಕಡೆ ಅವರದ್ದಲ್ಲ, ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಅವರದ್ದು. ಈ ಕಥೆಯಲ್ಲಿ ಕೆಲ್ವಿನ್ ಅವರಿಗೂ ಒಂದು ಪಾತ್ರವಿದೆ, ಅದೂ ಎದುರು ಪಕ್ಷದಲ್ಲಿ.

ಪಾದ್ರಿಯಾಗಬೇಕಿದ್ದ ಹುಡುಗ

ರಿಚರ್ಡ್ ಕ್ರಿಸ್ಟೋಫರ್ ಕ್ಯಾರಿಂಗ್ಟನ್ ಹುಟ್ಟಿದ್ದು 1826ರ ಮೇ 26ರಂದು, ಲಂಡನ್ನಿನ ಚೆಲ್ಸಿಯಲ್ಲಿ. ತಂದೆಗೆ ಲಂಡನ್ ಪಶ್ಚಿಮಕ್ಕಿರುವ ಬ್ರೆಂಟ್‌ಫರ್ಡ್‌ನಲ್ಲಿ ದೊಡ್ಡ ಬಿಯರ್ ಕಾರ್ಖಾನೆ ಇತ್ತು. ದುಡ್ಡಿಗೆ ಕೊರತೆ ಇರಲಿಲ್ಲ. ಮಗ ಪಾದ್ರಿಯಾಗಲಿ ಎಂಬುದು ತಂದೆಯ ಆಸೆ. ಅದಕ್ಕೆಂದೇ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿಸಿದರು. ಅಲ್ಲಿ ಪ್ರೊಫೆಸರ್ ಚಾಲಿಸ್ ಅವರ ಖಗೋಳ ಪಾಠ ಕೇಳಿದ ಹುಡುಗನ ಮನಸ್ಸು ಚರ್ಚಿನಿಂದ ಆಕಾಶಕ್ಕೆ ತಿರುಗಿತು. ತಂದೆ ಅಡ್ಡಿ ಮಾಡಲಿಲ್ಲ.

1848ರಲ್ಲಿ ಪದವಿ ಮುಗಿಸಿ, ಮರುವರ್ಷ ಡರ್ಹಮ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಕೆಲಸಕ್ಕೆ ಸೇರಿದರು. ಸಂಬಳಕ್ಕಿಂತ ಅನುಭವ ಬೇಕಿತ್ತು. ಆದರೆ ಅಲ್ಲಿನ ಉಪಕರಣಗಳು ತಮ್ಮ ಕೆಲಸಕ್ಕೆ ಸಾಲವು ಎಂದು ಬೇಗನೆ ಗೊತ್ತಾಯಿತು. ಹೊಸದು ಕೊಡಿಸಿ ಎಂದು ಕೇಳಿದರು, ಸಿಗಲಿಲ್ಲ. 1852ರಲ್ಲಿ ರಾಜೀನಾಮೆ ಕೊಟ್ಟರು.

ಇದರ ನಡುವೆ ಒಂದು ಪ್ರವಾಸ ನಡೆದಿತ್ತು. 1851ರ ಜುಲೈ 28ರ ಸಂಪೂರ್ಣ ಸೂರ್ಯಗ್ರಹಣ ನೋಡಲು ಅವರು ಸ್ವೀಡನ್‌ಗೆ ಹೋದರು. ಆ ಗ್ರಹಣದಲ್ಲಿ ಕಪ್ಪು ಚಂದ್ರನ ಅಂಚಿನಲ್ಲಿ ಕೆಂಪು ಜ್ವಾಲೆಯಂಥ ಚಾಚುಗಳು ಕಂಡವು. ಅವು ಸೂರ್ಯನವೋ ಚಂದ್ರನವೋ ಎನ್ನುವುದೇ ಆಗ ತೀರ್ಮಾನವಾಗಿರಲಿಲ್ಲ. ಸೂರ್ಯನ ಸುತ್ತ ಒಂದು ವಾತಾವರಣವಿದೆ, ಅದರಲ್ಲಿ ಏನೇನೋ ನಡೆಯುತ್ತಿರುತ್ತದೆ ಎಂಬುದಕ್ಕೆ ಅಂದು ಸಿಗುತ್ತಿದ್ದ ಪುರಾವೆ ಗ್ರಹಣದ ಆ ಕೆಲವೇ ನಿಮಿಷಗಳದ್ದು.

ಆ ಕೆಂಪು ಚಾಚುಗಳ ಗುಟ್ಟು ರಟ್ಟಾಗಿದ್ದರಲ್ಲಿ ನಮ್ಮ ಜಮಖಂಡಿಗೂ ಪಾಲಿದೆ ಎನ್ನುವುದನ್ನು ಇಲ್ಲೇ ಹೇಳಬೇಕು. 1868ರ ಆಗಸ್ಟ್ 18ರ ಗ್ರಹಣದ ನೆರಳು ಭಾರತವನ್ನು ಹಾದುಹೋಯಿತು. ಸೈನ್ಯದ ಎಂಜಿನಿಯರ್ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಅಂದರೆ ಪ್ರಸಿದ್ಧ ಖಗೋಳಜ್ಞ ವಿಲಿಯಂ ಹರ್ಷೆಲ್ ಅವರ ಮೊಮ್ಮಗ, ಜಮಖಂಡಿಯಲ್ಲಿ ರೋಹಿತದರ್ಶಕ ಹಿಡಿದು ಕಾದಿದ್ದರು. ಮೋಡದ ಸಂದಿನಲ್ಲಿ ಸಿಕ್ಕ ಅವಕಾಶದಲ್ಲಿ ಅವರಿಗೆ ಹೊಳೆಯುವ ಬಿಡಿ ಗೆರೆಗಳು ಕಂಡವು. ಹೀಗೆ ಬಿಡಿ ಗೆರೆ ಕಂಡರೆ ಅದು ಉರಿಬಿಸಿಯ ಅನಿಲ ಎಂದು ಅರ್ಥ. ಅದೇ ದಿನ ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ ಅವರಿಗೂ ಅದೇ ಕಂಡಿತು.

ಹಗಲಿಗೆ ಸೂರ್ಯ, ರಾತ್ರಿಗೆ ನಕ್ಷತ್ರ

ಡರ್ಹಮ್ ಬಿಟ್ಟ ಕ್ಯಾರಿಂಗ್ಟನ್ ತಂದೆಯ ಹಣದಲ್ಲಿ ಲಂಡನ್ನಿನ ದಕ್ಷಿಣಕ್ಕೆ ಸರ್ರೆಯ ರೆಡ್‌ಹಿಲ್ ಎಂಬಲ್ಲಿ ಮನೆ ಮತ್ತು ವೀಕ್ಷಣಾಲಯ ಕಟ್ಟಿಸಿಕೊಂಡರು. ಮುಖ್ಯ ಗುರಿ ಧ್ರುವದ ಸುತ್ತಲಿನ ನಕ್ಷತ್ರಗಳ ಪಟ್ಟಿ ಮಾಡುವುದು. 3,735 ನಕ್ಷತ್ರಗಳ ಆ ಪಟ್ಟಿ 1857ರಲ್ಲಿ ಅಚ್ಚಾಯಿತು. ನೌಕಾ ಇಲಾಖೆಯೇ ಖರ್ಚು ಭರಿಸಿತು. ಅದಕ್ಕಾಗಿ 1859ರಲ್ಲಿ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಚಿನ್ನದ ಪದಕವೂ ಬಂತು.

ರಾತ್ರಿಯ ಕೆಲಸ ಅದು. ಹಗಲು ಖಾಲಿ ಇತ್ತಲ್ಲ! ಜರ್ಮನಿಯ ಶ್ವಾಬೆ ಎಂಬ ಹವ್ಯಾಸಿ ವರ್ಷಗಟ್ಟಲೆ ಸೌರಕಲೆಗಳನ್ನು, ಅಂದರೆ ಸೂರ್ಯನ ಮೇಲಿನ ಕಪ್ಪು ಮಚ್ಚೆಗಳನ್ನು ಎಣಿಸಿ, ಅವು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗುತ್ತವೆ ಎಂದು ತೋರಿಸಿದ್ದರು. 1852ರಲ್ಲಿ ಇನ್ನೊಂದು ಸುದ್ದಿ ಬಂತು. ಭೂಮಿಯ ದಿಕ್ಸೂಚಿ ಮುಳ್ಳುಗಳು ಅಲ್ಲಾಡುವುದೂ ಈ ಚಕ್ರದ ಜೊತೆಗೇ ಏರಿಳಿಯುತ್ತದೆ ಎಂದು ಎಡ್ವರ್ಡ್ ಸಬೀನ್ ಲೆಕ್ಕ ಹಾಕಿ ಹೇಳಿದರು. ಹದಿನೈದು ಕೋಟಿ ಕಿಲೋಮೀಟರ್ ದೂರದ ಮಚ್ಚೆಗೂ ಇಲ್ಲಿನ ಸೂಜಿಗೂ ಏನು ಸಂಬಂಧ? ಯಾರಿಗೂ ಗೊತ್ತಿರಲಿಲ್ಲ. ಒಂದು ಇಡೀ ಸೌರಚಕ್ರದುದ್ದಕ್ಕೂ ಪ್ರತಿ ಮಚ್ಚೆಯ ಜಾಗವನ್ನು ಕರಾರುವಾಕ್ಕಾಗಿ ಅಳೆಯುತ್ತೇನೆ ಎಂದು ಕ್ಯಾರಿಂಗ್ಟನ್ 1853ರ ನವೆಂಬರ್ 9ರಂದು ಕೆಲಸ ಆರಂಭಿಸಿದರು.

ಅವರ ವಿಧಾನ ಎಷ್ಟು ಸರಳ ಎಂದರೆ ಯಾರಾದರೂ ಮಾಡಬಹುದಿತ್ತು, ಯಾರೂ ಮಾಡಿರಲಿಲ್ಲ. ದೂರದರ್ಶಕದ ಹಿಂದೆ ಬಣ್ಣ ಬಳಿದ ಗಾಜಿನ ಹಲಗೆ ಇಟ್ಟು ಅದರ ಮೇಲೆ ಸುಮಾರು 11 ಅಂಗುಲ ಅಗಲದ ಸೂರ್ಯಬಿಂಬ ಬೀಳಿಸುವುದು. ದೂರದರ್ಶಕದ ಒಳಗೆ ಒಂದಕ್ಕೊಂದು ಅಡ್ಡವಾಗಿ ಎರಡು ತೆಳು ತಂತಿಗಳು. ದೂರದರ್ಶಕವನ್ನು ಅಲ್ಲಾಡಿಸದೆ ಬಿಟ್ಟರೆ ಭೂಮಿ ತಿರುಗುವುದರಿಂದ ಬಿಂಬ ತಾನಾಗಿ ಸರಿಯುತ್ತದೆ. ಸೂರ್ಯನ ಅಂಚು ತಂತಿ ಮುಟ್ಟಿದ್ದು ಎಷ್ಟು ಸೆಕೆಂಡಿಗೆ, ಮಚ್ಚೆ ಮುಟ್ಟಿದ್ದು ಎಷ್ಟು ಸೆಕೆಂಡಿಗೆ ಎಂದು ಗಡಿಯಾರ ನೋಡಿ ಬರೆದುಕೊಳ್ಳುವುದು. ಉಳಿದದ್ದು ಲೆಕ್ಕ. ಮೋಡ ಇಲ್ಲದ ದಿನಗಳಲ್ಲೆಲ್ಲ ಇದೇ ಕೆಲಸ.

ಅವರು ಸೂರ್ಯನನ್ನು ಎಂದೂ ನೇರವಾಗಿ ನೋಡುತ್ತಿರಲಿಲ್ಲ, ಬಿದ್ದ ಬಿಂಬವನ್ನು ನೋಡುತ್ತಿದ್ದರು ಎಂಬುದನ್ನು ಗಮನಿಸಿ. ಗ್ರಹಣ ಬಂದಾಗಲೆಲ್ಲ ಹಳೆಯ ಎಕ್ಸ್-ರೇ ಫಿಲ್ಮ್, ಕಪ್ಪು ಕನ್ನಡಕ, ಮಸಿ ಹಿಡಿದ ಗಾಜು ಸಾಕು ಎನ್ನುವ ಸಲಹೆಗಳು ಹಂಚಿಕೆಯಾಗುತ್ತವೆ. ಇವ್ಯಾವೂ ಸುರಕ್ಷಿತವಲ್ಲ. ಕಣ್ಣಿನ ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ, ಸುಟ್ಟದ್ದು ಗೊತ್ತಾಗುವುದು ತಡವಾಗಿ. ರಟ್ಟಿನಲ್ಲಿ ಸೂಜಿತೂತು ಮಾಡಿ ಬಿಂಬವನ್ನು ಗೋಡೆಗೆ ಬೀಳಿಸಿ ನೋಡುವುದು ಇಂದಿಗೂ ಕೈಗೆಟುಕುವ ದಾರಿ.

1859ರ ಸೆಪ್ಟೆಂಬರ್ 1, ಬೆಳಿಗ್ಗೆ 11.18

ಅಂದು ಗುರುವಾರ. ಆಕಾಶ ತಿಳಿಯಾಗಿತ್ತು. ಸೂರ್ಯನ ಮೇಲೆ ದೊಡ್ಡದೊಂದು ಮಚ್ಚೆಗಳ ಗುಂಪು ಇತ್ತು. ಕ್ಯಾರಿಂಗ್ಟನ್ ಅದರ ಚಿತ್ರ ಬಿಡಿಸಿ, ತಂತಿಯ ಸಮಯಗಳನ್ನು ಬರೆದುಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ಆ ಗುಂಪಿನ ಮೇಲೆ ಎರಡು ಕಡೆ ಕಣ್ಣು ಕೋರೈಸುವ ಬಿಳಿ ಬೆಳಕು ಕಾಣಿಸಿತು.

ಅವರಿಗೆ ಮೊದಲು ಬಂದದ್ದು ಅನುಮಾನ. ಬಿಂಬಕ್ಕೆ ನೆರಳಾಗಲೆಂದು ದೂರದರ್ಶಕದ ಮುಂದೆ ಕಟ್ಟಿದ್ದ ಪರದೆಯಲ್ಲಿ ಎಲ್ಲೋ ತೂತು ಬಿದ್ದು ಬೆಳಕು ಒಳಗೆ ನುಗ್ಗಿದೆ ಎಂದುಕೊಂಡರು. ಹಾಗಾಗಿದ್ದರೆ ಬಿಂಬವನ್ನು ಸರಿಸಿದಾಗ ಬೆಳಕು ಅಲ್ಲೇ ಉಳಿಯಬೇಕು. ದೂರದರ್ಶಕವನ್ನು ತುಸು ಅಲ್ಲಾಡಿಸಿದರು. ಬೆಳಕು ಮಚ್ಚೆಗಳ ಜೊತೆಗೇ ಸರಿಯಿತು. ಅಂದರೆ ಅದು ಸೂರ್ಯನ ಮೇಲೆಯೇ ಇತ್ತು.

ಗಡಿಯಾರ ನೋಡಿ ಸಮಯ ಬರೆದುಕೊಂಡು, ಇನ್ನೊಬ್ಬರಿಗೂ ತೋರಿಸಬೇಕೆಂದು ಓಡಿದರು. ಅರವತ್ತು ಸೆಕೆಂಡಿನೊಳಗೆ ವಾಪಸ್ ಬಂದಾಗ ಬೆಳಕು ಆಗಲೇ ಮಂಕಾಗಿತ್ತು. 11.23ಕ್ಕೆ ಎರಡು ಚುಕ್ಕೆಗಳಷ್ಟಾಗಿ ಮಾಯವಾಯಿತು. ಐದು ನಿಮಿಷದಲ್ಲಿ ಆ ಬೆಳಕು ಸೂರ್ಯನ ಮೇಲೆ ಸುಮಾರು 35,000 ಮೈಲಿ ಸರಿದಿತ್ತು. ಅದು ಸುಮಾರು 56,000 ಕಿಲೋಮೀಟರ್, ನಾಲ್ಕು ಭೂಮಿಗಳನ್ನು ಸಾಲಾಗಿ ಇಟ್ಟರೂ ಮುಗಿಯದ ದೂರ.

ಬೆಳಕು ಹೋದ ಮೇಲೂ ಅವರು ಒಂದು ಗಂಟೆಗೂ ಹೆಚ್ಚು ಕಾಲ ಅಲ್ಲೇ ಕೂತರು, ಮತ್ತೆ ಬರಬಹುದೇ ಎಂದು. ಬರಲಿಲ್ಲ. ಬೆಳಕು ಕಾಣುವ ಮೊದಲೇ ಬಿಡಿಸಿದ್ದ ಚಿತ್ರದ ಜೊತೆ ಮಚ್ಚೆಗಳನ್ನು ಹೋಲಿಸಿ ನೋಡಿದರು. ಒಂದು ಚೂರೂ ಬದಲಾಗಿರಲಿಲ್ಲ. ಇಷ್ಟು ದೊಡ್ಡ ಘಟನೆ ನಡೆದರೂ ಕೆಳಗಿನ ಮಚ್ಚೆ ಅಲುಗಲಿಲ್ಲ ಎಂದರೆ ಅದು ನಡೆದದ್ದು ಮೇಲ್ಮೈಗಿಂತ ಬಹಳ ಎತ್ತರದಲ್ಲಿ, ಸೂರ್ಯನ ವಾತಾವರಣದಲ್ಲಿ ಎಂದು ಅವರು ಊಹಿಸಿದರು. ಇಂದು ನಾವು ಸೌರಜ್ವಾಲೆ ಎನ್ನುವ ಸ್ಫೋಟದ ಮೊದಲ ಸ್ಪಷ್ಟ ದಾಖಲೆ ಇದು. ಊಹೆಯೂ ಸರಿಯಾದ ದಿಕ್ಕಿನಲ್ಲೇ ಇತ್ತು.

ಒಬ್ಬರು ಕಂಡರೆ ಸಾಕೇ?

ಅದೇ ಹೊತ್ತಿಗೆ ಲಂಡನ್ನಿನ ಹೈಗೇಟ್‌ನಲ್ಲಿ ತಮ್ಮ ಮನೆಯಿಂದ ರಿಚರ್ಡ್ ಹಾಜ್‌ಸನ್ ಎಂಬ ಹವ್ಯಾಸಿಯೂ ಸೂರ್ಯನನ್ನು ನೋಡುತ್ತಿದ್ದರು. ಅವರಿಗೂ ಆ ಬೆಳಕು ಕಂಡಿತ್ತು. ಈ ಸುದ್ದಿ ಕಿವಿಗೆ ಬಿದ್ದಾಗ ಕ್ಯಾರಿಂಗ್ಟನ್ ಮಾಡಿದ ಕೆಲಸ ನಮಗೆ ಅವರ ಇಡೀ ಬದುಕಿನಲ್ಲಿ ಬಹಳ ಹಿಡಿಸಿದ್ದು. ಅವರು ಹಾಜ್‌ಸನ್ ಅವರ ಜೊತೆ ಈ ವಿಷಯ ಮಾತನಾಡದೆ ಬೇಕೆಂದೇ ದೂರ ಉಳಿದರು. ಇಬ್ಬರೂ ಕೂತು ಮಾತಾಡಿದರೆ ಒಬ್ಬರ ನೆನಪು ಇನ್ನೊಬ್ಬರದ್ದರ ಜೊತೆ ಬೆರೆತುಹೋಗುತ್ತದೆ, ಆಗ ಎರಡು ಸಾಕ್ಷಿ ಒಂದಾಗಿಬಿಡುತ್ತದೆ ಎಂಬುದು ಕಾರಣ. 1859ರ ನವೆಂಬರ್ 11ರ ಸೊಸೈಟಿ ಸಭೆಯಲ್ಲಿ ಎರಡೂ ವರದಿಗಳು ಬೇರೆ ಬೇರೆಯಾಗಿಯೇ ಬಂದವು.

ಹತ್ತು ಗುಂಪಿನಲ್ಲಿ ಒಂದೇ ಸಂದೇಶ ಬಂದರೆ ಹತ್ತು ಕಡೆಯಿಂದ ಖಚಿತವಾಯಿತು ಎಂದುಕೊಳ್ಳುವವರು ಇದನ್ನು ಓದಬೇಕು. ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯ ಹತ್ತು ಜೆರಾಕ್ಸ್.

ಮೂರನೆಯ ಸಾಕ್ಷಿ ಮನುಷ್ಯನದ್ದೇ ಅಲ್ಲ. ಘಟನೆಯಾದ ಒಂದೆರಡು ದಿನದಲ್ಲಿ ಕ್ಯಾರಿಂಗ್ಟನ್ ಕ್ಯೂ ವೀಕ್ಷಣಾಲಯಕ್ಕೆ ಹೋದರು. ಅಲ್ಲಿ ಭೂಮಿಯ ಕಾಂತಬಲದ ಏರಿಳಿತ ಫೋಟೊ ಕಾಗದದ ಮೇಲೆ ತಾನಾಗಿಯೇ ದಾಖಲಾಗುತ್ತಿತ್ತು. ಸೆಪ್ಟೆಂಬರ್ 1ರ ಗೆರೆಯಲ್ಲಿ ಬೆಳಕು ಕಂಡ ಹೊತ್ತಿಗೇ ಒಂದು ಸಣ್ಣ ಜಿಗಿತ ಇತ್ತು. ಅದಾಗಿ ಸುಮಾರು ಹದಿನೇಳೂವರೆ ಗಂಟೆಗೆ, 2ರ ಮುಂಜಾನೆ, ಗೆರೆ ಹುಚ್ಚೆದ್ದಂತೆ ಕುಣಿದಿತ್ತು.

ಎರಡೂ ಯಾಕೆ ಬೇರೆ ಬೇರೆ ಹೊತ್ತಿಗೆ? ಇಂದಿನ ವಿವರಣೆ ಹೀಗೆ. ಸೂರ್ಯನ ವಾತಾವರಣದಲ್ಲಿ ಕಾಂತಕ್ಷೇತ್ರ ಹೊಸೆದ ಹಗ್ಗದಂತೆ ಬಿಗಿಯುತ್ತಾ ಹೋಗಿ, ಒಮ್ಮೆಲೇ ಬಿಚ್ಚಿಕೊಂಡಾಗ ಕೂಡಿಟ್ಟ ಶಕ್ತಿಯೆಲ್ಲ ಹೊರಬೀಳುತ್ತದೆ. ಅದರಲ್ಲಿ ಬೆಳಕು ಮತ್ತು ಎಕ್ಸ್ ಕಿರಣ ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಗೆ ಬರುತ್ತವೆ. ಎಕ್ಸ್ ಕಿರಣ ನಮ್ಮ ಮೇಲಿನ ವಾಯುಮಂಡಲದ ವಿದ್ಯುತ್ ಹರಿವನ್ನು ಬದಲಿಸಿದ್ದೇ ಆ ಸಣ್ಣ ಜಿಗಿತ. ಸ್ಫೋಟದ ಜೊತೆ ಸೂರ್ಯ ಕೋಟ್ಯಂತರ ಟನ್ ಬಿಸಿ ಅನಿಲವನ್ನು ಕಾಂತಕ್ಷೇತ್ರದ ಸಮೇತ ಉಗುಳುವುದೂ ಉಂಟು. ವಿಜ್ಞಾನಿಗಳು ಇದನ್ನು ಸಿಎಂಇ ಎನ್ನುತ್ತಾರೆ. ಇದು ನಿಧಾನ, ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನದ ಪ್ರಯಾಣ. 1859ರದ್ದು ಅಪರೂಪದ ವೇಗದಲ್ಲಿ ಬಂದು ಭೂಮಿಯ ಕಾಂತಕ್ಷೇತ್ರಕ್ಕೆ ಗುದ್ದಿತು.

ಅಂದು ಆದದ್ದು, ಆಗದ್ದು

ಧ್ರುವಗಳ ಬಳಿ ಮಾತ್ರ ಕಾಣುವ ಧ್ರುವಪ್ರಭೆ ಅಂದು ಕ್ಯೂಬಾ, ಹವಾಯಿವರೆಗೂ ಕಂಡಿತು. ಅಮೆರಿಕದ ರಾಕಿ ಪರ್ವತಗಳಲ್ಲಿ ಚಿನ್ನ ಹುಡುಕುತ್ತಿದ್ದವರು ಬೆಳಗಾಯಿತೆಂದು ಎದ್ದು ತಿಂಡಿ ಮಾಡಲು ಶುರುಮಾಡಿದರಂತೆ. ಟೆಲಿಗ್ರಾಫ್ ತಂತಿಗಳಲ್ಲಿ ತಾನಾಗಿ ವಿದ್ಯುತ್ ಹರಿಯಿತು. ಕೆಲವು ಕಚೇರಿಗಳಲ್ಲಿ ಕಿಡಿ ಹಾರಿತು, ಕೆಲಸಗಾರರಿಗೆ ಶಾಕ್ ಹೊಡೆಯಿತು. ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ನಡುವಿನ ಆಪರೇಟರ್‌ಗಳು ಬ್ಯಾಟರಿಯನ್ನೇ ಕಳಚಿಟ್ಟು, ಆಕಾಶದಿಂದ ಬಂದ ಕರೆಂಟಿನಲ್ಲೇ ಸುಮಾರು ಎರಡು ಗಂಟೆ ಸಂದೇಶ ಕಳಿಸಿದರು.

ಭಾರತದಲ್ಲಿ ಆಗ ಹಗಲು. ಆಕಾಶದಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ಆದರೆ ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಮಾಪಕದ ಅಳತೆಯನ್ನು ಕೈಯಲ್ಲಿ ಬರೆದಿಡುತ್ತಿದ್ದ ನೌಕರರು ಅಂದು ಬಿಡದೆ ಬರೆದರು. ಭೂಮಿಯ ಅಡ್ಡ ಕಾಂತಬಲ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿದದ್ದು ಆ ಪುಟಗಳಲ್ಲಿದೆ. 1859ರ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು 2003ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದಾಗ ಆಧಾರವಾದದ್ದು ಈ ಕೊಲಾಬಾ ದಾಖಲೆಯೇ. ಕಾಗದದ ಮೇಲೆ ಅಂಕಿ ಬರೆಯುತ್ತಾ ಕೂತ ಆ ನೌಕರರ ಹೆಸರು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ.

ಈ ಪಟ್ಟಿಯಲ್ಲಿ ಪೆಟ್ಟು ತಿಂದದ್ದು ಯಾವುದು ನೋಡಿ. ನೂರಾರು ಕಿಲೋಮೀಟರ್ ಉದ್ದದ ತಂತಿಗಳು. ಕಾಂತಕ್ಷೇತ್ರ ಅಲ್ಲಾಡಿದಾಗ ಹುಟ್ಟುವ ವಿದ್ಯುತ್ತಿಗೆ ಅಷ್ಟುದ್ದದ ದಾರಿ ಬೇಕು. ನಿಮ್ಮ ಅಂಗೈಯಲ್ಲಿರುವ ಫೋನಿನಲ್ಲಿ ಅಂಥ ಉದ್ದ ಎಲ್ಲಿದೆ? ಹಾಗಾಗಿ ಸ್ವಿಚ್ ಆಫ್ ಮಾಡಿದರೂ ಒಂದೇ, ಆನ್ ಇಟ್ಟರೂ ಒಂದೇ. ನೆಲದ ಮೇಲಿದ್ದ ಜನರ ದೇಹಕ್ಕೆ ಆ ಬಿರುಗಾಳಿಯ ವಿಕಿರಣದಿಂದ ಹಾನಿಯಾದ ದಾಖಲೆ ಇಲ್ಲ. ವಾಯುಮಂಡಲ ನಮಗೆ ದಪ್ಪ ಕಂಬಳಿ ಇದ್ದ ಹಾಗೆ. ವಿಕಿರಣದ ಚಿಂತೆ ಇರುವುದು ಬಾಹ್ಯಾಕಾಶದಲ್ಲಿರುವ ಯಾತ್ರಿಗಳಿಗೆ, ಸ್ವಲ್ಪಮಟ್ಟಿಗೆ ಧ್ರುವದ ಮೇಲೆ ಹಾರುವ ವಿಮಾನಗಳಿಗೆ.

ದುಡುಕದ ಮನುಷ್ಯ

ಇಷ್ಟೆಲ್ಲ ಕೈಯಲ್ಲಿದ್ದರೂ ಕ್ಯಾರಿಂಗ್ಟನ್ ಸೂರ್ಯನ ಬೆಳಕೇ ಈ ಬಿರುಗಾಳಿಗೆ ಕಾರಣ ಎಂದು ಘೋಷಿಸಲಿಲ್ಲ. ಎರಡೂ ಒಟ್ಟಿಗೆ ನಡೆದಿವೆ, ಗಮನಿಸಬೇಕಾದ ವಿಷಯ, ಆದರೆ ಒಂದೇ ಒಂದು ಉದಾಹರಣೆಯಿಂದ ನಿಯಮ ಮಾಡಲಾಗದು ಎಂಬ ನಿಲುವು ಅವರದ್ದು. ಇದು ಹೆದರಿಕೆಯಲ್ಲ ಎಂದು ನಮಗನ್ನಿಸುತ್ತದೆ. ಎರಡನೆಯ ಉದಾಹರಣೆಗಾಗಿ ಅವರು ಇನ್ನೂ ಒಂದೂವರೆ ವರ್ಷ ಹಲಗೆಯ ಮುಂದೆ ಕೂತರು. ಅಂಥ ಬೆಳಕು ಮತ್ತೆ ಕಾಣಲಿಲ್ಲ. ಮಾಮೂಲಿ ಬಿಳಿ ಬೆಳಕಿನಲ್ಲಿ ಸೌರಜ್ವಾಲೆ ಕಾಣುವುದೇ ಅಪರೂಪ. ಅವುಗಳನ್ನು ದಿನನಿತ್ಯ ನೋಡಲು ಹೈಡ್ರೋಜನ್ನಿನ ಒಂದೇ ಬಣ್ಣವನ್ನು ಸೋಸಿ ತೆಗೆಯುವ ಉಪಕರಣ ಬೇಕು, ಅದು ಬಂದದ್ದು ದಶಕಗಳ ನಂತರ.

ಕೆಲ್ವಿನ್ ಬರುವುದು ಇಲ್ಲಿ. 1892ರಲ್ಲಿ, ರಾಯಲ್ ಸೊಸೈಟಿಯ ಅಧ್ಯಕ್ಷರಾಗಿ, ಸೂರ್ಯನಿಂದ ಭೂಮಿಯ ಮೇಲೆ ಕಾಂತ ಬಿರುಗಾಳಿ ಏಳಬೇಕಾದರೆ ಎಷ್ಟು ಶಕ್ತಿ ಬೇಕೆಂದು ಲೆಕ್ಕ ಹಾಕಿ, ಇದು ಅಸಾಧ್ಯ, ಎರಡೂ ಒಟ್ಟಿಗೆ ಆದದ್ದು ಕಾಕತಾಳೀಯ ಎಂದು ತಳ್ಳಿಹಾಕಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಸೂರ್ಯ ಎಲ್ಲ ದಿಕ್ಕಿಗೂ ಕಾಂತ ಅಲೆ ಕಳಿಸುತ್ತಾನೆ ಎಂಬ ಊಹೆ ತಪ್ಪಿತ್ತು. ಸೂರ್ಯನಿಂದ ದ್ರವ್ಯವೇ ಒಂದು ದಿಕ್ಕಿಗೆ ಹಾರಿ ಬರಬಹುದೆಂದು ಆಗ ಯಾರು ನಂಬುತ್ತಿದ್ದರು! ಅಂಥ ದೊಡ್ಡವರು ಇಲ್ಲ ಎಂದ ಮೇಲೆ ವಿಷಯ ಕೆಲಕಾಲ ಮಂಕಾಯಿತು. 1904ರಲ್ಲಿ ಗ್ರೀನಿಚ್‌ನ ಎಡ್ವರ್ಡ್ ಮಾಂಡರ್ ಕಾಂತ ಬಿರುಗಾಳಿಗಳು ಸುಮಾರು 27 ದಿನಕ್ಕೊಮ್ಮೆ, ಅಂದರೆ ಸೂರ್ಯ ಒಂದು ಸುತ್ತು ಹಾಕುವ ಲಯಕ್ಕೆ ಮರುಕಳಿಸುತ್ತವೆ ಎಂದು ತೋರಿಸಿ ಮತ್ತೆ ಚರ್ಚೆ ಎಬ್ಬಿಸಿದರು. ಸೂರ್ಯ ಉಗುಳುವ ಸಿಎಂಇಯನ್ನು ಉಪಗ್ರಹದ ಮೂಲಕ ಮೊದಲು ಕಂಡದ್ದು 1971ರ ಡಿಸೆಂಬರ್‌ನಲ್ಲಿ, ಕ್ಯಾರಿಂಗ್ಟನ್ ತೀರಿಕೊಂಡು 96 ವರ್ಷಗಳ ಮೇಲೆ.

ಕಾರ್ಖಾನೆ, ಮನೆ, ಕೊನೆ

ಬಿರುಗಾಳಿಗೆ ಒಂದು ವರ್ಷ ಮೊದಲೇ, 1858ರಲ್ಲಿ, ತಂದೆ ತೀರಿಕೊಂಡಿದ್ದರು. ಬಿಯರ್ ಕಾರ್ಖಾನೆ ಮಗನ ಹೆಗಲಿಗೆ ಬಿತ್ತು. ಲೆಕ್ಕಪತ್ರ, ಕೂಲಿ, ವ್ಯಾಪಾರ ಒಂದು ಕಡೆ, ಸೂರ್ಯ ಇನ್ನೊಂದು ಕಡೆ. ಖಗೋಳವೇ ಸಂಬಳದ ಕೆಲಸವಾಗಲಿ ಎಂದು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವೀಕ್ಷಣಾಲಯಗಳ ಹುದ್ದೆಗಳಿಗೆ ಪ್ರಯತ್ನಿಸಿದರು. ಎರಡೂ ಕಡೆ ಬೇರೆಯವರಿಗೆ ಸಿಕ್ಕಿತು. ಹನ್ನೊಂದು ವರ್ಷ ನಡೆಯಬೇಕಿದ್ದ ಕೆಲಸವನ್ನು 1861ರ ಮಾರ್ಚ್ 24ರಂದು, ಏಳೂವರೆ ವರ್ಷಕ್ಕೆ ಮುಗಿಸಬೇಕಾಯಿತು.

ಆದರೂ ಎಷ್ಟು ಕೆಲಸ! 954 ಮಚ್ಚೆಗುಂಪುಗಳ 5,290 ಅಳತೆಗಳು. 1863ರಲ್ಲಿ ಅವು ಪುಸ್ತಕವಾಗಿ ಬಂದವು. ಐದು ನಿಮಿಷದ ಬೆಳಕು ಅವರಿಗೆ ಹೆಸರು ಕೊಟ್ಟಿತು, ಆದರೆ ಈ ಪುಸ್ತಕವೇ ಅವರ ದೊಡ್ಡ ಕೆಲಸ ಎನ್ನುವವರ ಪಕ್ಷ ನಮ್ಮದು. ಸೂರ್ಯ ಗಟ್ಟಿ ಚೆಂಡಿನಂತೆ ಒಟ್ಟಿಗೆ ತಿರುಗುವುದಿಲ್ಲ, ಸಮಭಾಜಕದ ಬಳಿ ಸುಮಾರು 25 ದಿನಕ್ಕೆ ಒಂದು ಸುತ್ತಾದರೆ 40 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 27 ದಿನ ಬೇಕು ಎಂದು ಸಾಬೀತಾದದ್ದು ಇದರಿಂದ. ಹೀಗೆ ಮಧ್ಯಭಾಗ ಮುಂದೆ ಓಡಿ ಮೇಲ್ಭಾಗ ಹಿಂದೆ ಬೀಳುವುದರಿಂದಲೇ ಸೂರ್ಯನ ಕಾಂತರೇಖೆಗಳು ಎಳೆದು, ಹೊಸೆದುಕೊಂಡು, ಕೊನೆಗೆ ಸಿಡಿಯುವ ಹಂತಕ್ಕೆ ಬರುತ್ತವೆ. ತಾವು ಕಂಡ ಬೆಳಕಿಗೆ ಕಾರಣದ ಒಂದು ಕೊಂಡಿ ತಮ್ಮದೇ ಅಂಕಿಗಳಲ್ಲಿ ಕೂತಿದೆ ಎಂದು ಅವರಿಗೆ ತಿಳಿಯುವ ದಾರಿ ಇರಲಿಲ್ಲ. ಚಕ್ರ ಮುಂದುವರಿದಂತೆ ಮಚ್ಚೆಗಳು ಸಮಭಾಜಕದ ಕಡೆಗೆ ಇಳಿದು ಬರುವುದನ್ನೂ ಅವರೇ ಗುರುತಿಸಿದರು.

1865ರಲ್ಲಿ ಕಾಯಿಲೆ ಬಿದ್ದು ಕಾರ್ಖಾನೆಯಿಂದ ಕೈ ತೊಳೆದುಕೊಂಡರು. ಸರ್ರೆಯ ಚರ್ಟ್ ಎಂಬ ಹಳ್ಳಿಯ ಗುಡ್ಡದ ಮೇಲೆ ಮನೆ ಕಟ್ಟಿ, ಹೊಸ ವೀಕ್ಷಣಾಲಯವನ್ನೂ ಕಟ್ಟಿಕೊಂಡರು. ಮೊದಲಿನ ಕಸುವು ಮರಳಲಿಲ್ಲ. 1869ರಲ್ಲಿ ರೋಸಾ ಎಂಬವರನ್ನು ಮದುವೆಯಾದರು. ರೋಸಾ ಅವರ ಅಣ್ಣ ಎಂದು ಹೇಳಿಕೊಂಡಿದ್ದ ವ್ಯಕ್ತಿ ನಿಜವಾಗಿ ಅಣ್ಣನಾಗಿರಲಿಲ್ಲ, ಹಿಂದಿನ ಸಂಗಾತಿಯಾಗಿದ್ದ. 1871ರಲ್ಲಿ ಅವನು ಅವರಿಗೆ ಚೂರಿ ಹಾಕಿದ. ಅವರು ಬದುಕುಳಿದರು, ಅವನು ಜೈಲಿಗೆ ಹೋದ. 1875ರ ನವೆಂಬರ್ 17ರಂದು ರೋಸಾ ಹಾಸಿಗೆಯಲ್ಲಿ ಸತ್ತು ಸಿಕ್ಕರು. ನಿದ್ರೆಗೆಂದು ಕೊಡುತ್ತಿದ್ದ ಕ್ಲೋರಲ್ ಔಷಧಿ ಹೆಚ್ಚಾದದ್ದು ಕಾರಣ ಎಂದಾಯಿತು. ಹೆಂಡತಿಯ ಶುಶ್ರೂಷೆಗೆ ಸರಿಯಾದ ಏರ್ಪಾಡು ಮಾಡಿರಲಿಲ್ಲ ಎಂದು ವಿಚಾರಣೆಯಲ್ಲಿ ಕ್ಯಾರಿಂಗ್ಟನ್ ಅವರ ಮೇಲೆ ಆಕ್ಷೇಪ ಬಂತು. ಅವರು ಊರು ಬಿಟ್ಟು ಹೋಗಿ, ಕೆಲವು ದಿನಗಳ ನಂತರ ಖಾಲಿ ಮನೆಗೆ ಮರಳಿದರು. ನವೆಂಬರ್ 27ರಂದು ತೀರಿಕೊಂಡರು. ವಯಸ್ಸು 49. ಕಿವಿಗೆ ಚಹಾ ಎಲೆಯ ಪಟ್ಟು ಕಟ್ಟಿಕೊಂಡಿದ್ದರು, ನೋವಿತ್ತೇನೋ.

ಇಂಥ ಸಾವಿನ ಸುತ್ತ ಕಥೆ ಹುಟ್ಟುವುದು ಸುಲಭ. ಆತ್ಮಹತ್ಯೆ ಎಂದು ಖಚಿತವಾಗಿ ಬರೆದವರೂ ಇದ್ದಾರೆ. ಆದರೆ ವಿಚಾರಣೆಯ ತೀರ್ಮಾನ ಸಹಜ ಕಾರಣದ ಹಠಾತ್ ಸಾವು ಎಂದಿತ್ತು. ಅದಕ್ಕಿಂತ ಮುಂದೆ ಹೋಗಲು ಆಧಾರ ಇಲ್ಲ.

ಹಾಗಾದರೆ ಫಾರ್ವರ್ಡ್ ಬಂದರೆ?

ಸೌರ ಬಿರುಗಾಳಿ ನಿಜ, ಅದರ ಹೊಡೆತವೂ ನಿಜ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ವಿದ್ಯುತ್ ಜಾಲ ಕುಸಿದು 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಇಂದು 1859ರಂಥದ್ದು ಬಂದರೆ ವಿದ್ಯುತ್ ಜಾಲ, ಉಪಗ್ರಹ, ಜಿಪಿಎಸ್, ದೂರದ ರೇಡಿಯೊ ಸಂಪರ್ಕಕ್ಕೆ ತೊಂದರೆಯಾಗಬಹುದು. ಇಂಟರ್ನೆಟ್ ವಿಷಯ ಹುಟ್ಟಿದ್ದು 2021ರ ಒಂದು ಸಂಶೋಧನಾ ಪ್ರಬಂಧದಿಂದ. ಸಮುದ್ರದಡಿಯ ಕೇಬಲ್‌ನಲ್ಲಿ ಮಾಹಿತಿ ಬೆಳಕಾಗಿ ಹೋಗುತ್ತದೆ, ಅದಕ್ಕೆ ಏನೂ ಆಗದು. ಆದರೆ ದಾರಿಯುದ್ದಕ್ಕೂ ಆ ಬೆಳಕಿಗೆ ಬಲ ತುಂಬುವ ಉಪಕರಣಗಳಿಗೆ ವಿದ್ಯುತ್ ಒಯ್ಯುವ ಉದ್ದ ತಂತಿಯೂ ಕೇಬಲ್‌ನಲ್ಲಿದೆ, ಅಪಾಯ ಅಲ್ಲಿ ಎಂದು ಪ್ರಬಂಧ ಎಚ್ಚರಿಸಿತ್ತು. ಆಗಬಹುದಾದ್ದಕ್ಕೆ ತಯಾರಿ ಬೇಕು ಎಂದ ಆ ಪ್ರಬಂಧ ಹಂಚಿಕೆಯಾಗುತ್ತಾ, ಇಂಥ ವರ್ಷ ಇಂಟರ್ನೆಟ್ ಸಾಯುತ್ತದೆಂದು ನಾಸಾ ಹೇಳಿದೆ ಎಂಬಲ್ಲಿಗೆ ಬಂದು ನಿಂತಿತು.

2024ರ ಮೇ 10 ಮತ್ತು 11ರಂದು ಎರಡು ದಶಕಗಳಲ್ಲೇ ದೊಡ್ಡ ಬಿರುಗಾಳಿ ಬಂತು. ಅದು ಜಿ1ರಿಂದ ಜಿ5ರವರೆಗಿನ ಅಳತೆಯಲ್ಲಿ ಜಿ5. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಹಿಡಿದವು. ಅಮೆರಿಕದಲ್ಲಿ ಜಿಪಿಎಸ್ ನೆರವಿನಿಂದ ಬಿತ್ತುವ ಟ್ರ್ಯಾಕ್ಟರ್‌ಗಳು ಸಾಲು ತಪ್ಪಿದವು. ನಿಮ್ಮ ಫೋನ್? ಅಂದು ಬೆಳಿಗ್ಗೆ ಎಂದಿನಂತೆ ಗುಡ್ ಮಾರ್ನಿಂಗ್ ಸಂದೇಶಗಳು ಬಂದಿದ್ದವು.

ಈಗ ಸೂರ್ಯನನ್ನು ಕಾಯುವವರಲ್ಲಿ ನಾವೂ ಇದ್ದೇವೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಗ್ರಹಣಕ್ಕೆ ಕಾಯದೆ ಸೂರ್ಯನ ಹೊರ ವಾತಾವರಣವನ್ನು ನೋಡುವ ಅದರ ಮುಖ್ಯ ಉಪಕರಣ ತಯಾರಾದದ್ದು ಅದೇ ಬೆಂಗಳೂರಿನ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಅಂಥ ಜಾಗದಲ್ಲಿರುವ ನೌಕೆಗಳಿಗೆ ಸೌರ ದ್ರವ್ಯ ತಾಗಿದ ಮೇಲೆ ಭೂಮಿಗೆ ಸಿಗುವ ಮುನ್ಸೂಚನೆ ಸಾಮಾನ್ಯವಾಗಿ ಹದಿನೈದು ನಿಮಿಷದಿಂದ ಒಂದು ಗಂಟೆ. ಎಂಥ ಬಿರುಗಾಳಿ ಎಂಬ ಖಚಿತ ಮಾಹಿತಿಗೆ ಇರುವ ಕಾಲಾವಕಾಶವೇ ಅಷ್ಟು. ಎರಡು ತಿಂಗಳ ನಂತರದ ಬಿರುಗಾಳಿಗೆ ತಾರೀಖು ಹೇಳುವ ಸಂದೇಶ ಯಾರ ಹೆಸರಿನಲ್ಲಿ ಬಂದರೂ ಅದನ್ನು ಅಲ್ಲೇ ಅಳಿಸಬಹುದು.

ಸೂರ್ಯನ ಸುತ್ತುಗಳನ್ನು ವಿಜ್ಞಾನಿಗಳು ಎಣಿಸುವುದು ಇಂದಿಗೂ ಕ್ಯಾರಿಂಗ್ಟನ್ ಹೆಸರಿನಲ್ಲೇ. ಒಂದನೆಯ ಸುತ್ತು ಅವರು ಕೆಲಸ ಆರಂಭಿಸಿದ 1853ರ ನವೆಂಬರ್ 9ರದ್ದು. ಎಣಿಕೆ ಈಗ 2,300 ದಾಟಿದೆ.